ಶನಿವಾರದ ನಾಲಿಗೆ

ಉಗಿಯುವುದು ನನ್ನ ಕೆಲಸ.
ಹೀಗಂದರೆ ಮದುವೆಮನೆಗಳಲ್ಲಿ ನಗುತ್ತಾರೆ,
ನಗಲಿ.
ಕ್ಯೂರಿಂಗ್ ವರ್ಕ್ಸಿನ ಹಿಂದಿನ ಕೋಣೆಯಲ್ಲಿ
ದಿನಕ್ಕೆ ನಲವತ್ತು ಬಟ್ಟಲು ಕಾಫಿ.
ಸೊರ್ರೆಂದು ಎಳೆದು, ಅಂಗುಳಕ್ಕೆ ಚಿಮ್ಮಿಸಿ,
ಪೀಕದಾನಿಗೆ ಉಗಿದು,
ಚೀಟಿಯ ಮೇಲೆ ಬರೆಯುತ್ತೇನೆ:
ಗೋಣಿ ಘಾಟು. ಮುಗ್ಗಲು. ಹಸಿ ಬಟಾಣಿ.
ಇದು ಪರವಾಗಿಲ್ಲ.
ಹತ್ತೊಂಬತ್ತು ವರ್ಷವಾಯಿತು, ಅಲ್ಲಿ ಒಂದು ಬಟ್ಟಲನ್ನೂ
ಪೂರ್ತಿ ಕುಡಿದವಳಲ್ಲ.

ವಾರವಿಡೀ ನಾಲಿಗೆ ಕಂಪನಿಯದು.
ಬೆಳ್ಳುಳ್ಳಿ ಬೇಡ, ಉಪ್ಪಿನಕಾಯಿ ಬೇಡ,
ಮುಡಿಗೆ ಮಲ್ಲಿಗೆಯೂ ಬೇಡ.
ಭಾನುವಾರ ಬಟ್ಟಲಿಲ್ಲವಾದ್ದರಿಂದ
ಶನಿವಾರ ಸಂಜೆ ಏಳರ ಮೇಲೆ ಅದು ನನ್ನದು.
ಎಸ್ಟೇಟಿನವರ ಕ್ಲಬ್ಬಿಗೆ ನಾನು ಸಲ್ಲುವವಳಲ್ಲ,
ಅವರ ಕಾಫಿ ಮಾತ್ರ ನನ್ನ ಬಾಯಿಗೆ ಬರುತ್ತದೆ.
ಹಾಗಾಗಿ ಈ ನಾಲಿಗೆಯನ್ನು
ಶಾಲೆ ಬಿಟ್ಟ ಮಗುವಿನಂತೆ ಕರೆದುಕೊಂಡು ಹೋಗುವುದು
ಬೇಲೂರು ರಸ್ತೆಯ ತಿರುವಿನಲ್ಲಿ
ಬೋರ್ಡಿನ ಅರ್ಧ ದೀಪ ಕೆಟ್ಟಿರುವ ಸ್ಟೇಕ್‌ಹೌಸಿಗೆ.

ಟೀವಿ ಇಲ್ಲ. ಹಾಡಿಲ್ಲ.
ಮೂಲೆಯ ಮೇಜಿನಲ್ಲಿ ಹೋಂಸ್ಟೇಗೆ ಬಂದ ಜೋಡಿಯೊಂದು
ಮುನಿಸಿಕೊಂಡೇ ಮಾಂಸ ಕೊಯ್ಯುತ್ತಿದೆ.
ಒಳಗೆ ಲೋಬೊ ಕಾದ ಕಬ್ಬಿಣದ ಮೇಲೆ
ಕಾಳುಮೆಣಸು ಮೆತ್ತಿದ ತುಂಡು ಇಟ್ಟರೆ
ಸುಂಯ್ ಅನ್ನುವುದು ಬಾರಿನವರೆಗೂ ಕೇಳುತ್ತದೆ.
ಅಷ್ಟೇ ಸದ್ದು. ಆಮೇಲೆ ಐಸು.

ಕೌಂಟರಿನಾಚೆ ವಲೇರಿಯನ್.
ಒಂಟಿ ಹೆಂಗಸು ಬಂದು ಕೂತಳೆಂದು
ಮೊದಲ ದಿನವೂ ಹುಬ್ಬೇರಿಸಿದವನಲ್ಲ.
"ಟೇಸ್ಟರಮ್ಮ, ಇವತ್ತು ಹೇರಳೆ," ಅನ್ನುತ್ತಾನೆ.
ಸಿಪ್ಪೆಯನ್ನು ಒಂದೇ ಉದ್ದಕ್ಕೆ ಹೆರೆದು
ಗ್ಲಾಸಿನ ಮೇಲೆ ತಿರುಚಿದರೆ
ಎಣ್ಣೆಯ ತುಂತುರು, ಇದೆಯೋ ಇಲ್ಲವೋ ಎಂಬಷ್ಟು,
ದೀಪದ ಕೆಳಗೆ ಒಂದು ಗಳಿಗೆ ನಿಂತು ಬೀಳುತ್ತದೆ.
ಜಿನ್ನು. ಕಾಫಿ ಹೂ ಬಿಟ್ಟ ವಾರದ ಜೇನು.
ಸೂಜಿಮೆಣಸು ನೆನೆಸಿಟ್ಟ ಸೀಸೆಯಿಂದ ಎರಡು ತೊಟ್ಟು.
ಉದ್ದ ಚಮಚ ಗಾಜಿನ ಗೋಡೆ ತಾಕದ ಹಾಗೆ
ಮೂವತ್ತು ಸುತ್ತು.
"ಹೇಗಿದೆ?"
"ಚೆನ್ನಾಗಿದೆ," ಅನ್ನುತ್ತಿದ್ದೆ, ಎಲ್ಲರಂತೆ.

ಕಳೆದ ಮಾಗಿಯ ಒಂದು ಶನಿವಾರ
ಒಳಗೆ ಬೆಣ್ಣೆ ಸೀದುಹೋಯಿತು.
ಹೊಗೆಗಿಂತ ಮೊದಲು ಬಂದದ್ದು ವಾಸನೆ.
ಮೇಜುಗಳೆಲ್ಲ ಮುಖ ತಿರುಗಿಸಿದವು,
ಬಾಗಿಲ ಬಳಿ ಮಲಗಿದ್ದ ನಾಯಿ ಎದ್ದು ನಿಂತಿತು.
ವಲೇರಿಯನ್ ಮಾತ್ರ
ಏಲಕ್ಕಿ ಸೀಸೆಯ ಮುಚ್ಚಳ ತೆಗೆದು, ಮೂಗಿಗೆ ಹಿಡಿದು,
"ಆಹಾ" ಅಂದು, ಮುಚ್ಚಿ, ಇದ್ದಲ್ಲೇ ಇಟ್ಟ.
ಸೀಸೆ ಖಾಲಿಯಿತ್ತು.

ಜ್ವರದಲ್ಲೋ ಯಾವಾಗಲೋ ಹೋದದ್ದು
ಮರಳಿ ಬಂದಿಲ್ಲ.
ಕೈಗೆ ನೆನಪಿದೆ, ಅಳತೆಗೆ ನೆನಪಿದೆ.
ನಾನು ಕೇಳಲಿಲ್ಲ. ಅವನು ಹೇಳಲಿಲ್ಲ.
ಅಂದಿನಿಂದ ಅವನ "ಹೇಗಿದೆ"ಗೆ
ನನ್ನ ಚೀಟಿಯ ಭಾಷೆಯಲ್ಲೇ ಉತ್ತರ:
ಸಿಪ್ಪೆ ನಿನ್ನೆಯದು.
ಜೇನು ಮುಂದೆ ನುಗ್ಗಿದೆ.
ಖಾರ ಬಾಗಿಲಲ್ಲೇ ಜಗಳಕ್ಕೆ ನಿಂತಿದೆ.
ಅವನು ಕತ್ತು ಓರೆ ಮಾಡಿ ಕೇಳಿಸಿಕೊಳ್ಳುತ್ತಾನೆ,
ಬಿಟ್ಟುಬಂದ ಊರಿನ ಮಳೆ ಬೆಳೆ ಕೇಳುವವನ ಹಾಗೆ.
ಆಮೇಲೆ ಗ್ಲಾಸನ್ನು ಸಿಂಕಿಗೆ ಬಗ್ಗಿಸಿ
ಮತ್ತೆ ಮೊದಲಿಂದ.
(ಬಿಲ್ಲಿನಲ್ಲಿ ಒಂದೇ ಗ್ಲಾಸು. ನಾನೂ ಚೌಕಾಸಿ ಮಾಡಿಲ್ಲ.)

ಇವತ್ತಿನದು
ಮೊದಲು ಬರೀ ತಂಪು, ಏನೂ ಅಲ್ಲದಂತೆ.
ನಂತರ ಹೇರಳೆಯ ಕಹಿ ನಾಲಿಗೆಯ ಎರಡೂ ಅಂಚಿನಲ್ಲಿ
ಗೋಡೆ ಹಿಡಿದು ನಡೆಯುವವರಂತೆ.
ಗಂಟಲ ಹತ್ತಿರ ಜೇನು.
ನುಂಗಿ ಎಷ್ಟೋ ಹೊತ್ತಾದ ಮೇಲೆ
ಆ ಮೆಣಸು.
ತಪ್ಪು ಹುಡುಕುತ್ತೇನೆ, ಅಭ್ಯಾಸಬಲ.
"ಹೇಗಿದೆ?"
ಚೀಟಿಯಿಲ್ಲ, ಪೆನ್ನಿಲ್ಲ, ಪದವೂ ಸಿಗುತ್ತಿಲ್ಲ.
ಗ್ಲಾಸನ್ನು ಅವನತ್ತ ಸರಿಸಿದೆ.

ಕಣ್ಣು ಮುಚ್ಚಿ ಒಂದು ಗುಟುಕು ಕುಡಿದ.
"ತಣ್ಣಗಿದೆ," ಅಂದ.
ಸ್ವಲ್ಪ ತಡೆದು, "ಹಾಂ, ಖಾರ ಬಂತು."
ಅಷ್ಟೇ? ಎಂದು ನಾನು ಕೇಳಲಿಲ್ಲ.
ಅಷ್ಟೇ, ಎಂದು ಅವನೇ ನಕ್ಕ.

ಒಳಗೆ ಲೋಬೊ ಇನ್ನೊಂದು ತುಂಡು ಇಟ್ಟ.